ನಿಬಂಧನೆಯಿಲ್ಲದ ಆವರ್ತನ



ಒಂದೇ ಕೆಲಸವನ್ನು ಮರಳಿ ಮರಳಿ ಮಾಡೆಂದು ಗಣಕಯಂತ್ರಕ್ಕೆ ಆಜ್ಞಾಪಿಸುವ ಆವರ್ತನ ವಾಕ್ಯದಲ್ಲಿ, ಎಲ್ಲಿಯವರೆಗೆ ಮಾಡಬೇಕೆಂಬುದನ್ನು ನಿರ್ಣಯಿಸುವ ನಿಬಂಧನೆಯ ಸ್ಥಾನವನ್ನು ಬರಿದು ಬಿಟ್ಟರೆ, ಯಂತ್ರವು ಏನೆಂದು ತಿಳಿಯತಕ್ಕದ್ದು? ಈ ಪ್ರಶ್ನೆಗೆ ಪ್ರೋಗ್ರಾಮಿಂಗ್ ಭಾಷೆಗಳ ನಿರ್ಮಾಪಕರು ಕೊಟ್ಟ ಉತ್ತರಗಳು ಏಕರೂಪವಾಗಿಲ್ಲ.

1957ರ ಫೋರ್ಟ್ರಾನಿನಲ್ಲಿ ಈ ಪ್ರಶ್ನೆ ಏಳುವ ಸಂಭವವೇ ಇರಲಿಲ್ಲ. ಅದರ 'ಡು' ವಾಕ್ಯವು ಆದಿಯ ಎಣಿಕೆಯನ್ನೂ ಅಂತ್ಯದ ಎಣಿಕೆಯನ್ನೂ ತಪ್ಪದೆ ಅಪೇಕ್ಷಿಸುತ್ತಿತ್ತು. ಆಲ್ಗಾಲ್ 68 ಭಾಷೆಯಾದರೋ ಆವರ್ತನದ ಪೀಠಿಕೆಯ ಪ್ರತಿಯೊಂದು ಅಂಗವನ್ನೂ ಐಚ್ಛಿಕವೆಂದು ಸಾರಿ, ನಿಬಂಧನೆಯೂ ಮಿತಿಯೂ ಇಲ್ಲದ ಆವರ್ತನವು ಅನಂತವಾಗಿ ನಡೆಯತಕ್ಕದ್ದೆಂದು ವಿಧಿಸಿತು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು 1972ರ ಸುಮಾರಿಗೆ ರೂಪಿಸಿದ 'ಸಿ' ಭಾಷೆಯಲ್ಲಿ, 'ಫಾರ್' ಎಂದು ಬರೆದು, ಆವರಣದೊಳಗೆ ಎರಡು ಅರ್ಧವಿರಾಮಗಳನ್ನಷ್ಟೇ ಇಟ್ಟು, ಅವುಗಳ ನಡುವಣ ಎಡೆಯನ್ನು ಬರಿದು ಬಿಟ್ಟರೆ, ಅಲ್ಲಿ ಸತ್ಯವೇ ಇದೆಯೆಂದು ಭಾವಿಸಿ, 'ಬ್ರೇಕ್' ಮುಂತಾದ ಆಜ್ಞೆಯೊಂದು ಹೊರಗೆ ಕರೆತರುವವರೆಗೆ ಯಂತ್ರವು ನಿಲ್ಲದೆ ದುಡಿಯುತ್ತದೆ. ಹಗಲಿರುಳೂ ಕರೆಗಳಿಗೆ ಕಾದಿರಬೇಕಾದ ಸರ್ವರ್ ತಂತ್ರಾಂಶಗಳಿಗೆ ಇಂತಹ ಆವರ್ತನವೇ ಬೇಕು. ಆದರೆ ಅದೇ ಭಾಷೆಯ 'ವೈಲ್' ಆವರಣವನ್ನು ಬರಿದು ಬಿಟ್ಟರೆ ಕಂಪೈಲರ್ ಅದನ್ನು ವ್ಯಾಕರಣದೋಷವೆಂದು ತಿರಸ್ಕರಿಸುತ್ತದೆ. 'ಫಾರ್' ವಾಕ್ಯದ ಬರಿದಾದ ಎಡೆಯಲ್ಲಿ ಸೊನ್ನೆಯಲ್ಲದ ಸ್ಥಿರಾಂಕವೊಂದು ಇದೆಯೆಂದು ಗ್ರಹಿಸತಕ್ಕದ್ದೆಂದು 1989ರ ಅಮೆರಿಕನ್ ಮಾನಕವು ಈ ರೂಢಿಯನ್ನು ಸ್ಥಿರಪಡಿಸಿತು. ಜಾವಾ ಇದೇ ಜಾಡನ್ನು ಹಿಡಿಯಿತು. ಲ್ಯಾರಿ ವಾಲ್ ಅವರ ಪರ್ಲ್ ಭಾಷೆಯು ಬರಿದಾದ 'ವೈಲ್' ಆವರಣಕ್ಕೂ ಸತ್ಯದ ಬೆಲೆಯನ್ನೇ ಕೊಟ್ಟಿತು.

ಇದಕ್ಕೆ ನೇರ ವಿರುದ್ಧವಾದ ಉತ್ತರವು 1975ರಲ್ಲಿ ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರ ಅವರಿಂದ ಬಂದಿತು. ಅವರು ಪ್ರತಿಪಾದಿಸಿದ ಪದ್ಧತಿಯಲ್ಲಿ ಒಂದೊಂದು ಆಜ್ಞೆಗೂ ಒಂದೊಂದು ನಿಬಂಧನೆ ಕಾವಲಾಗಿರುತ್ತದೆ. ಅವುಗಳಲ್ಲಿ ಒಂದಾದರೂ ಸತ್ಯವಾಗಿರುವವರೆಗೆ ಆವರ್ತನವು ಸಾಗುತ್ತದೆ. ಕಾವಲೂ ಆಜ್ಞೆಯೂ ಇಲ್ಲದ ಆವರ್ತನವಾದರೆ ಏನನ್ನೂ ಮಾಡದೆ ಒಡನೆಯೇ ಮುಗಿಯುತ್ತದೆ.

ತರ್ಕದ ದೃಷ್ಟಿಯಿಂದ ಇವೆರಡೂ ಯುಕ್ತವೇ. ನಿಬಂಧನೆಯು ತಡೆಯುವುದಕ್ಕಾಗಿ ಇದೆಯೆಂದು ಬಗೆದರೆ, ತಡೆಯಿಲ್ಲದೆಡೆಯಲ್ಲಿ ಕಾರ್ಯವು ಸಾಗಲೇಬೇಕು. ಅನುಮತಿ ಕೊಡುವುದಕ್ಕಾಗಿ ಇದೆಯೆಂದು ಬಗೆದರೆ, ಅನುಮತಿಸುವವರಿಲ್ಲದೆಡೆಯಲ್ಲಿ ಅದು ನಿಲ್ಲಲೇಬೇಕು.

2015ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್ ಭಾಷೆಯು ಅನಂತ ಆವರ್ತನಕ್ಕೆ 'ಲೂಪ್' ಎಂಬ ಪ್ರತ್ಯೇಕ ಪದವನ್ನೇ ಮೀಸಲಿಟ್ಟಿದೆ. ಮೌನದ ಅರ್ಥವನ್ನು ಊಹೆಗೆ ಬಿಡದೆ, ಬರೆಯುವವನ ಆಶಯವನ್ನು ಅವನಿಂದಲೇ ನುಡಿಯಿಸುವ ಈ ಮಾರ್ಗವು ಶ್ರೇಯಸ್ಕರವೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರೋಗ್ರಾಮ್ ಬರೆಯಲು ಕಲಿಯುತ್ತಿರುವ ತರುಣ ಶ್ರೋತೃಗಳು, ಹೊಸ ಭಾಷೆಯೊಂದನ್ನು ಕೈಗೆತ್ತಿಕೊಂಡಾಗ, ಬರಿದಾದ ಎಡೆಗೆ ಅದು ಕೊಡುವ ಬೆಲೆ ಏನೆಂಬುದನ್ನು ಮೊದಲು ವಿಚಾರಿಸಿ ತಿಳಿದುಕೊಳ್ಳಲಿ.