ತೆರೆಯ ಮೇಲಿನ ಬಲಿಪೂಜೆ

2020ರ ಏಪ್ರಿಲ್ 12, ಈಸ್ಟರ್ ಹಬ್ಬ. ಲಾಕ್‌ಡೌನ್‌ನಿಂದ ದೇಶದ ಪೂಜಾಸ್ಥಳಗಳೆಲ್ಲ ಮುಚ್ಚಿದ್ದವು. ಹೈದರಾಬಾದಿನ ಬೇಗಂ ಬಜಾರ್‌ಗೆ ಅನತಿ ದೂರದ ಗನ್‌ಫೌಂಡ್ರಿಯ ಸಂತ ಜೋಸೆಫರ ಕೆಥೆಡ್ರಲ್ ಕೂಡ ಹೊರತಾಗಿರಲಿಲ್ಲ. ಬಲಿಪೂಜೆ ಮೊಬೈಲಿಗೆ, ಟಿ.ವಿ.ಗೆ ಬಂತು. ತೆರೆ ನೋಡುವುದೂ ಭಕ್ತಿಯೇ ಎಂಬ ಆಕ್ಷೇಪದಲ್ಲಿ ಹುರುಳಿದೆ: ಪರಮಪ್ರಸಾದವನ್ನು ಯಾವ ಅಲೆಯೂ ನಾಲಗೆಗೆ ತಲುಪಿಸಲಾರದು. ತಲುಪಿಸುತ್ತದೆಂದು ಚರ್ಚೂ ಹೇಳಿಕೊಳ್ಳಲಿಲ್ಲ. ಪ್ರಸಾದವನ್ನು ಮನಸ್ಸಿನಲ್ಲೇ ಬಯಸುವ ಹಳೆಯ ಪ್ರಾರ್ಥನೆಯನ್ನು ನೆನಪಿಸಿತು. ಮಾಧ್ಯಮವೂ ಅದಕ್ಕೆ ಹೊಸದಲ್ಲ. ಮಾರ್ಕೋನಿ ಕಟ್ಟಿಕೊಟ್ಟ ವ್ಯಾಟಿಕನ್ ರೇಡಿಯೊ 1931ರಲ್ಲೇ ಮಾತಾಡತೊಡಗಿತ್ತು. 2020ರ ಮಾರ್ಚ್ 27ರ ಸಂಜೆ, ಮಳೆಯಲ್ಲಿ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಪ್ರಾರ್ಥಿಸಿದಾಗ ಆ ಖಾಲಿತನವನ್ನೇ ಜನ ಮನೆಮನೆಯಲ್ಲಿ ಹಂಚಿಕೊಂಡರು. ಜೂನ್ 8ರಿಂದ ಬಾಗಿಲು ತೆರೆಯಲು ಕೇಂದ್ರ ಸರ್ಕಾರ ಅನುಮತಿಸಿತು. ಆದರೆ ಹಾಸಿಗೆ ಹಿಡಿದವರಿಗೆ ಅದು ಮೊದಲೂ ಮುಚ್ಚಿತ್ತು, ಆಮೇಲೂ ಮುಚ್ಚಿತ್ತು; ಅವರಿಗಾಗಿ ಈ ಪ್ರಸಾರ ನಿಲ್ಲಬಾರದು.