ಚೋಮನ ಬೆನ್ನು ಹತ್ತಿ



ಸಾಹಿತ್ಯ, ಸಿನಿಮಾ, ವಿಜ್ಞಾನ, ಚರಿತ್ರೆ ಇವುಗಳನ್ನು ವಿದ್ಯಾರ್ಥಿಯಾದವನು ಹೇಗೆ ಓದಬೇಕು ಎಂಬ ವಿಷಯದ ಮೇಲೆ ಮಾತಾಡಲು ಕರೆದಿದ್ದೀರಿ. ನಾಲ್ಕರ ಬಗ್ಗೆಯೂ ಇಷ್ಟಿಷ್ಟು ಹೇಳಿ ಮುಗಿಸಲು ಮನಸ್ಸಿಲ್ಲ. ಒಂದೇ ಪುಸ್ತಕ ಹಿಡಿದು ಬಂದಿದ್ದೇನೆ. ‘ಚೋಮನ ದುಡಿ’. ಶಿವರಾಮ ಕಾರಂತರ ಈ ಕಾದಂಬರಿ ಬಂದದ್ದು 1933ರಲ್ಲಿ. ಒಂದು ರಜೆಯ ದಿನ ಕುಳಿತರೆ ಓದಿ ಮುಗಿಯುತ್ತದೆ.

ನಾನು ಇದನ್ನು ಮೊದಲು ಓದಿದ್ದು ಪಿಯುಸಿಯಲ್ಲಿದ್ದಾಗ. ವಿಜ್ಞಾನ ವಿಭಾಗದವನು. ಕನ್ನಡವೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ತಿರುವಿ ಹಾಕುವ ವಿಷಯ ಎಂದೇ ನಾವೆಲ್ಲ ನಂಬಿದ್ದೆವು. ಗೆಳೆಯನೊಬ್ಬನ ನೋಟ್ಸಿನಿಂದ ಚೋಮನ ಪಾತ್ರಚಿತ್ರಣ ಬಾಯಿಪಾಠ ಮಾಡಿದೆ. ಚೋಮನೊಬ್ಬ ಬಡ ಕೂಲಿಯಾಳು, ಬೇಸಾಯ ಮಾಡಬೇಕೆಂಬ ಆಸೆಯುಳ್ಳವನು, ಅಸ್ಪೃಶ್ಯತೆಗೆ ಬಲಿಯಾದವನು. ಬರೆದೆ, ಅಂಕವೂ ಬಂತು. ಆ ಮನುಷ್ಯ ಯಾರು ಎಂಬುದು ಮಾತ್ರ ನನಗೆ ತಿಳಿಯಲೇ ಇಲ್ಲ.

ತಿಳಿಯಲು ಶುರುವಾದದ್ದು ಬಹಳ ವರ್ಷಗಳ ಮೇಲೆ, ಒಂದು ಸಣ್ಣ ಪ್ರಶ್ನೆಯಿಂದ. ಚೋಮನ ಬಳಿ ಎರಡು ಎತ್ತುಗಳಿವೆ, ದುಡಿಯುವ ಮೈಯಿದೆ, ಮಕ್ಕಳಿದ್ದಾರೆ. ಕೇಳುವುದು ಗೇಣಿಗೆ ಒಂದು ತುಂಡು ಗದ್ದೆ, ಅಷ್ಟೇ. ಯಾಕೆ ಸಿಗುವುದಿಲ್ಲ? ಉತ್ತರಕ್ಕೆ ಕಾದಂಬರಿಯನ್ನು ಮಡಚಿಟ್ಟು ಚರಿತ್ರೆಯ ಪುಸ್ತಕ ತೆಗೆಯಬೇಕಾಯಿತು. ಕತೆ ನಡೆಯುವ ಅಂದಿನ ದಕ್ಷಿಣ ಕನ್ನಡ ಮೈಸೂರು ಸಂಸ್ಥಾನದ್ದಲ್ಲ, ಮದ್ರಾಸ್ ಪ್ರಾಂತ್ಯದ್ದು. ಅಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಪದ್ಧತಿಗಳಿದ್ದವು. ಮೂಲಗೇಣಿಯವನ ಹಕ್ಕು ತಲೆಮಾರಿನಿಂದ ತಲೆಮಾರಿಗೆ ಗಟ್ಟಿ. ಚಾಲಗೇಣಿಯವನು ವರ್ಷಕ್ಕಿಷ್ಟು ಮುಡಿ ಅಕ್ಕಿ ಅಳೆದು ಕೊಟ್ಟರೂ ಧಣಿ ಏಳೆಂದರೆ ಏಳಬೇಕು. ಅವನಿಗಿಂತಲೂ ಕೆಳಗೆ, ಗೇಣಿಯ ಲೆಕ್ಕದ ಪುಸ್ತಕದಲ್ಲಿ ಹೆಸರೇ ಇಲ್ಲದವನು, ಸಾಲದಿಂದ ಕಟ್ಟುಬಿದ್ದ ಆಳು. ಚೋಮ ಆ ಆಳು. ಅವನ ಜಾತಿಯವರು ಬೇರೆಯವರ ಗದ್ದೆ ಉಳಬಹುದು, ತಮ್ಮದೆಂದು ಉಳಬಾರದು. ಇದು ಯಾವ ಸರ್ಕಾರಿ ಕಾಗದದಲ್ಲೂ ಬರೆದಿಟ್ಟದ್ದಲ್ಲ. ಊರಿನ ಕಟ್ಟು. ಕಾಗದದಲ್ಲಿ ಇಲ್ಲದ ಇಂಥದ್ದು ದಫ್ತರದಲ್ಲಿ ಸಿಗುವುದು ಕಷ್ಟ, ಕಾದಂಬರಿಯಲ್ಲಿ ಸಿಗುತ್ತದೆ.

ಇನ್ನೂ ಮುಂದಕ್ಕೆ ಬನ್ನಿ. 1974ರ ಮಾರ್ಚ್ 1ರಂದು, ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ, ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಮನೆಮನೆಯ ಮಾತಾಯಿತು. ಕರಾವಳಿಯ ಗೇಣಿ ಒಕ್ಕಲುಗಳು ಡಿಕ್ಲರೇಶನ್ ಎಂಬ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ದೊಡ್ಡ ಸಂಗತಿ ಅದು. ಎಷ್ಟೋ ಮನೆಗಳ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದು ಅದರ ಬಲದಿಂದ. ಆದರೆ ಕಾಯ್ದೆ ಓದುತ್ತಿದ್ದಾಗ ನನಗೆ ಚೋಮ ನೆನಪಾದ. 1974ರ ವರೆಗೆ ಬದುಕಿದ್ದರೆ ಅವನಿಗೆ ಏನು ಸಿಗುತ್ತಿತ್ತು? ಅವನು ಗೇಣಿದಾರನೇ ಅಲ್ಲ. ತನ್ನದೆಂದು ಉಳಲು ಊರು ಬಿಡದಿದ್ದವನು ‘ಉಳುವವನು’ ಎಂದು ಅರ್ಜಿ ಬರೆಯುವುದು ಹೇಗೆ? ಪಿಯುಸಿಯಲ್ಲಿ ನೋಟ್ಸು ಬಾಯಿಪಾಠ ಮಾಡುತ್ತಿದ್ದಾಗ ಈ ಪ್ರಶ್ನೆ ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯಬೇಕಾದರೆ ಕಾದಂಬರಿ, ಕಾಯ್ದೆ ಎರಡೂ ಒಂದೇ ಮೇಜಿನ ಮೇಲಿರಬೇಕಿತ್ತು.

ವಿಜ್ಞಾನದ ವಿದ್ಯಾರ್ಥಿಗಳು ತಮಗೇನೂ ಇಲ್ಲವೆಂದು ಎದ್ದು ಹೋಗಬೇಡಿ. ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ, ಒಬ್ಬ ಮಗ ಕಾಯಿಲೆಗೆ ತುತ್ತಾಗುತ್ತಾನೆ. ಆ ಕಾಲದಲ್ಲಿ ಘಟ್ಟದ ತೋಟವೆಂದರೆ ಚಳಿಜ್ವರದ, ಅಂದರೆ ಮಲೇರಿಯಾದ, ಸೀಮೆ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣು ಕಂಡದ್ದು 1897ರಲ್ಲಿ, ಈ ಕಾದಂಬರಿಗೆ 36 ವರ್ಷ ಮೊದಲು. ಪಶ್ಚಿಮ ಘಟ್ಟದಲ್ಲಿ ಆ ರೋಗ ಹರಡುವ ಅನಾಫಿಲಿಸ್ ಸೊಳ್ಳೆಯ ಒಂದು ಜಾತಿ ಮೊಟ್ಟೆಯಿಡುವುದು ಕೊಳಚೆಯಲ್ಲಲ್ಲ, ಮೆಲ್ಲಗೆ ಹರಿಯುವ ತಿಳಿ ತೊರೆಯಲ್ಲಿ. ಆ ರೋಗದ ರೂಢಿಯಿಲ್ಲದ ಮೈಯವರು ಕೆಲಸಕ್ಕೆಂದು ಅಲ್ಲಿಗೆ ಹೋದರೆ ಜ್ವರ ಇನ್ನೂ ಬಿರುಸಾಗಿ ಹಿಡಿಯುತ್ತದೆ. ಕಾರಣ ತಿಳಿದಿತ್ತು, ಕ್ವಿನೈನ್ ಎಂಬ ಔಷಧಿಯೂ ಇತ್ತು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ಕಂಡುಹಿಡಿದದ್ದು ಕೂಲಿಯವನ ಗುಡಿಸಲಿಗೆ ತಲುಪಲು ಅಷ್ಟು ಕಾಲ ಯಾಕೆ ಬೇಕಾಯಿತು ಎಂಬುದನ್ನೂ ವಿಜ್ಞಾನದ ಪಾಠವೆಂದೇ ನಾನು ತಿಳಿಯುತ್ತೇನೆ.

ಈಗ ಸಿನಿಮಾ. ಬಿ.ವಿ. ಕಾರಂತರು 1975ರಲ್ಲಿ ಈ ಕಾದಂಬರಿಯನ್ನು ಚಿತ್ರ ಮಾಡಿದರು. ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿ ಬಂತು. ಮಕ್ಕಳಿಗೆ ನಾನು ಹೇಳುವುದು ಪ್ರಶಸ್ತಿಯ ಮಾತಲ್ಲ. ಪುಸ್ತಕದಲ್ಲಿ ‘ದುಡಿ’ ಎಂದು ಅಚ್ಚಾದಾಗ ಕನ್ನಡದ ಕಿವಿಗೆ ಎರಡು ಅರ್ಥ ಬೀಳುತ್ತವೆ. ಚೋಮ ಬಾರಿಸುವ ದುಡಿ ಎಂಬ ಚರ್ಮವಾದ್ಯ ಒಂದು, ಮೈಮುರಿದು ದುಡಿ ಎಂಬ ಅಪ್ಪಣೆ ಇನ್ನೊಂದು. ತೆರೆಯ ಮೇಲೆ ಆ ಎರಡನೆಯ ಅರ್ಥ ಹಿಂದೆ ಸರಿಯುತ್ತದೆ, ಬದಲಿಗೆ ನಿಜವಾದ ನಾದ ಬರುತ್ತದೆ. ಬಿ.ವಿ. ಕಾರಂತರು ಸಂಗೀತ ಬಲ್ಲ ನಿರ್ದೇಶಕರು, ಈ ಚಿತ್ರದ ಸಂಗೀತವೂ ಅವರದೇ. ಕಾದಂಬರಿಕಾರರು ಚೋಮನ ಮನಸ್ಸಿನೊಳಗೆ ಹೊಕ್ಕು ಹೇಳಬಲ್ಲ ಸಿಟ್ಟು, ಸಂಕಟಗಳನ್ನು ಸಿನಿಮಾ ಒಂದು ಮುಖದಲ್ಲಿ, ಒಂದು ಚರ್ಮವಾದ್ಯದ ಬಡಿತದಲ್ಲಿ ಹೇಳಬೇಕು. ನೀರಿನಲ್ಲಿ ಮುಳುಗುತ್ತಿರುವ ಅವನ ಮಗನನ್ನು ಮುಟ್ಟಿ ಎತ್ತಲು ಜನ ಹಿಂಜರಿಯುವ ಸನ್ನಿವೇಶ ಎರಡರಲ್ಲೂ ಇದೆ. ಓದುವಾಗ ನಾನು ಕಣ್ಣು ಮುಂದಿನ ಸಾಲಿಗೆ ಓಡಿಸಿದ್ದೆ. ನೋಡುವಾಗ ಓಡಿಸಲಾಗಲಿಲ್ಲ, ದಡದಲ್ಲಿ ನಿಂತವರ ಸಾಲಿನಲ್ಲಿ ನಾನೂ ನಿಂತಂತಾಯಿತು. ಅಂದಿನಿಂದ, ಸಿನಿಮಾ ನೋಡಿದರೆ ಪುಸ್ತಕ ಓದಿದಂತೆಯೇ ಎನ್ನುವವರನ್ನೂ ಪುಸ್ತಕ ಓದಿದ ಮೇಲೆ ಸಿನಿಮಾ ಯಾಕೆ ಎನ್ನುವವರನ್ನೂ ನಾನು ಒಪ್ಪಿಲ್ಲ.

ಈ ಕಾದಂಬರಿ ಬರೆದವರ ಓದು ಹೇಗಿತ್ತು ನೋಡಿ. ಶಿವರಾಮ ಕಾರಂತರು ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಆಮೇಲೆ ಮೂಕಿ ಚಿತ್ರ ತಯಾರಿಸಿದರು, ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ಬರೆದರು, ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದರು, ಯಕ್ಷಗಾನದ ಬೆನ್ನು ಹತ್ತಿದರು, ಮನುಷ್ಯನ ಆದಿಕಾಲದವರೆಗೆ ಕೈಚಾಚುವ ‘ಮೂಕಜ್ಜಿಯ ಕನಸುಗಳು’ ಬರೆದು ಜ್ಞಾನಪೀಠ ಪಡೆದರು. ಸಾಹಿತ್ಯ ಬೇರೆ, ವಿಜ್ಞಾನ ಬೇರೆ ಎಂಬ ಗೋಡೆ ಅವರ ಮನೆಯಲ್ಲಿ ಇರಲಿಲ್ಲ. ಹತ್ತನೇ ತರಗತಿ ಮುಗಿದ ಮಗುವನ್ನು ಕೂರಿಸಿಕೊಂಡು ‘ಸೈನ್ಸೋ ಆರ್ಟ್ಸೋ’ ಎಂದು ಕೇಳುವ ತಂದೆತಾಯಿಯರೇ, ಕಾಲೇಜಿನ ಅರ್ಜಿಯಲ್ಲಿ ಒಂದಕ್ಕೆ ಗುರುತು ಹಾಕಲೇಬೇಕು, ಹಾಕಿ. ಮನೆಯ ಕಪಾಟಿಗೆ ಆ ಅರ್ಜಿಯ ಅಗತ್ಯವಿಲ್ಲ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಈ ತಿಂಗಳು ‘ಚೋಮನ ದುಡಿ’ ಓದಿ, ಚಿತ್ರ ನೋಡಿ. ಆಮೇಲೆ ನಿಮ್ಮ ಅಜ್ಜ ಅಜ್ಜಿಯ ಬಳಿ, ಅವರಿಲ್ಲದಿದ್ದರೆ ಪಕ್ಕದ ಮನೆಯ ಹಿರಿಯರ ಬಳಿ ಕುಳಿತು ಕೇಳಿ: ಡಿಕ್ಲರೇಶನ್ನಿನ ಕಾಲದಲ್ಲಿ ನಮ್ಮ ಊರಿನಲ್ಲಿ ಯಾರಿಗೆ ಭೂಮಿ ಬಂತು, ಯಾರ ಭೂಮಿ ಹೋಯಿತು, ಗದ್ದೆಯಲ್ಲಿ ಕೂಲಿಗೆ ಬರುತ್ತಿದ್ದವರಿಗೆ ಏನು ಸಿಕ್ಕಿತು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಮುಂದಿನ ಉಪನ್ಯಾಸದ ದಿನ ತನ್ನಿ. ಅಂದು ನೀವು ಓದಿ, ನಾನು ಕೆಳಗೆ ಕುಳಿತು ಕೇಳುತ್ತೇನೆ.