ದಿಲ್ಲಿ–ಬೆಂಗಳೂರು ಎರಡೂಮುಕ್ಕಾಲು ಗಂಟೆ, ಮನೆಗೆ ಎಷ್ಟು?

ದಿಲ್ಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿದ್ರೆ ಫೋನು ತಕ್ಷಣ ಹೇಳುತ್ತೆ: ಸುಮಾರು 1,700 ಕಿಲೋಮೀಟರ್, ಎರಡೂಮುಕ್ಕಾಲು ಗಂಟೆ. ಸುಳ್ಳಲ್ಲ. ಆದ್ರೆ ವಯಸ್ಸಾದ ಅಪ್ಪ ಅಮ್ಮನ್ನ ಊರಲ್ಲಿ ಬಿಟ್ಟು ನೋಯ್ಡಾದಲ್ಲಿ ಕೋಡ್ ಬರೆಯೋ ನನ್ನಂಥವರಿಗೆ ಈ ಲೆಕ್ಕ ಸಾಲಲ್ಲ.

ಮೊದಲು ಆಕಾಶದ ಲೆಕ್ಕ. ನಕ್ಷೆ ನೋಡಿ, ಎರಡೂ ಊರು 77 ಡಿಗ್ರಿ ರೇಖಾಂಶದ ಆಸುಪಾಸಲ್ಲೇ ಇವೆ. ಅಂದ್ರೆ ಹೆಚ್ಚುಕಮ್ಮಿ ನೇರ ದಕ್ಷಿಣಕ್ಕೆ ಹಾರಾಟ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಎತ್ತರದಲ್ಲಿ ಬೀಸೋ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತೆ. ನಮ್ಮ ವಿಮಾನಕ್ಕೆ ಅದು ಬೆನ್ನಿಗೂ ಅಲ್ಲ, ಎದುರಿಗೂ ಅಲ್ಲ, ಪಕ್ಕದಿಂದ. ಹಾಗಾಗಿ ಹೋಗೋಕೂ ಬರೋಕೂ ದೊಡ್ಡ ವ್ಯತ್ಯಾಸ ಇಲ್ಲ.

ಗಂಟೆಗೆ 830 ಕಿಲೋಮೀಟರ್ ವೇಗ ಅಂದ್ರೆ ಎರಡೇ ಗಂಟೆ ಆಗ್ಬೇಕಲ್ವಾ? ಟಿಕೆಟ್ಟಿನ ಸಮಯ ಬರೀ ಹಾರಾಟದ್ದಲ್ಲ. ಈ ಗೇಟು ಬಿಟ್ಟಾಗಿಂದ ಆ ಗೇಟಿಗೆ ಬಂದು ನಿಲ್ಲೋವರೆಗಿನದ್ದು. ರನ್‌ವೇ ಸರದಿ, ಏರೋದು, ಇಳಿಯೋದು, ತಡ ಆದ್ರೆ ಇರ್ಲಿ ಅಂತ ಕೂಡಿಸಿದ ನಿಮಿಷಗಳು, ಎಲ್ಲ ಅದರೊಳಗೇ. ಅದಕ್ಕೇ ಪೈಲಟ್ ಒಮ್ಮೊಮ್ಮೆ ಹದಿನೈದು ನಿಮಿಷ ಮೊದಲೇ ಬಂದ್ವಿ ಅಂತ ಹೆಮ್ಮೆಯಿಂದ ಹೇಳೋದು!

ಈಗ ನೆಲದ ಲೆಕ್ಕ. ನಮ್ಮೂರು ಹಾಸನದ ಹತ್ತಿರ. ನೋಯ್ಡಾ ಮನೆಯಿಂದ ಏರ್‌ಪೋರ್ಟಿಗೆ ಒಂದೂವರೆ ಗಂಟೆ. ಅಲ್ಲಿ ಎರಡು ಗಂಟೆ ಮೊದಲೇ ಇರ್ಬೇಕು. ವಿಮಾನ ಎರಡೂಮುಕ್ಕಾಲು. ಬ್ಯಾಗ್ ತಗೊಂಡು ಹೊರಗೆ ಬರೋಕೆ ಮುಕ್ಕಾಲು. ದೇವನಹಳ್ಳಿಯಿಂದ ಊರಿಗೆ ಟ್ಯಾಕ್ಸಿ ಹಿಡಿದ್ರೂ ನಾಲ್ಕೂವರೆ. ಒಟ್ಟು ಹನ್ನೊಂದೂವರೆ ಗಂಟೆ. ವಿಮಾನದೊಳಗೆ ಇರೋದು ಕಾಲು ಭಾಗ ಅಷ್ಟೇ. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಸುಮಾರು 40 ಗಂಟೆ ಮುಂದೆ ಇದು ಸ್ವರ್ಗ, ಒಪ್ಪಿದೆ. ಜನವರಿಯ ದಿಲ್ಲಿ ಮಂಜು ಬಿದ್ರೆ ಯಾವ ಲೆಕ್ಕವೂ ಇಲ್ಲ.

ಈ ಕೂಡಿಕೆ ಯಾಕೆ ಬೇಕು ಅಂದ್ರೆ, ಹೋದ ವರ್ಷ ಒಂದು ರಾತ್ರಿ ಹನ್ನೊಂದಕ್ಕೆ ಅಮ್ಮ ಫೋನ್ ಮಾಡಿದ್ರು. ಅಪ್ಪನಿಗೆ ಎದೆನೋವು. ಪಕ್ಕದ ಮನೆಯವರು, "ವಿಮಾನದಲ್ಲಿ ಮೂರು ಗಂಟೆ ತಾನೆ, ಮಗ ಬರ್ಲಿ, ಆಮೇಲೆ ಆಸ್ಪತ್ರೆ ನೋಡಣ" ಅಂತಿದ್ರಂತೆ. ನಾನು ಅಂದೆ, "ಅಮ್ಮಾ, ಬೆಳಗಿನ ಮೊದಲ ವಿಮಾನ ಹತ್ತಿದ್ರೂ ನಾನು ಬರೋದು ನಾಳೆ ಮಧ್ಯಾಹ್ನ. ಕಾಯಬೇಡಿ, ಈಗ್ಲೇ ಹಾಸನಕ್ಕೆ ಕರ್ಕೊಂಡು ಹೋಗಿ." ಹೋದ್ರು. ನಾನು ತಲುಪೋ ಹೊತ್ತಿಗೆ ಸ್ಟೆಂಟ್ ಹಾಕಿ ಆಗಿತ್ತು. ಅಪ್ಪ ಕಣ್ಣು ಬಿಟ್ಟು, "ಅಷ್ಟು ದೂರದಿಂದ ಯಾಕೋ ಬಂದೆ, ರಜೆ ಇತ್ತಾ?" ಅಂದ್ರು.

ಈಗ ಅಮ್ಮನ ಅಡುಗೆಮನೆ ಕ್ಯಾಲೆಂಡರಿನ ಪಕ್ಕ ಒಂದು ಚೀಟಿ ಇದೆ. ಮೊದಲು 108, ಆಮೇಲೆ ಊರಲ್ಲೇ ಇರೋ ಚಿಕ್ಕಪ್ಪನ ನಂಬರು, ಕೊನೇಲಿ ನಾನು: ಹಗಲಾದ್ರೆ ಹನ್ನೆರಡು ಗಂಟೆ, ರಾತ್ರಿಯಾದ್ರೆ ಹದಿನಾಲ್ಕು. ಪುಣೆ, ಹೈದರಾಬಾದ್, ಚೆನ್ನೈನಲ್ಲಿರೋರು ನಿಮ್ಮನಿಮ್ಮ ಬಾಗಿಲಿಂದ ಊರ ಬಾಗಿಲಿಗೆ ಕೂಡಿಸಿ ನೋಡಿ, ಎಷ್ಟು ಬಂತು ಅಂತ ಮನೆಯವರಿಗೆ ಈ ವಾರವೇ ಹೇಳಿಬಿಡಿ.